ಮಳೆ ಬಂದ್ರೆ ಹದಿಮೂರು

ನಾನು ಏನು ಕೆಲಸ ಮಾಡ್ತಿದ್ದೆ ಅಂತ ನಮ್ಮಮ್ಮನಿಗೆ ಕೊನೆಗೂ ಅರ್ಥ ಆಗ್ಲಿಲ್ಲ. ಮನೆಗೆ ಬಂದವರು ಯಾರಾದ್ರೂ ಕೇಳಿದ್ರೆ "ಅದೇ, ಫ್ರಿಜ್ ರಿಪೇರಿ" ಅಂದ್ಬಿಡೋರು. ನನಗೋ ಮೂಗಿನ ತುದೀಲೇ ಕೋಪ. ಒಳಗಿಂದಲೇ ಕೂಗ್ತಿದ್ದೆ, "ಫ್ರಿಜ್ ಅಲ್ಲಮ್ಮಾ, ಅದರ ಥರ್ಮಾಮೀಟರು!" ಅಮ್ಮ ಬಂದವರ ಕಡೆ ತಿರುಗಿ, "ಫ್ರಿಜ್ಜಿಗೆ ಜ್ವರ ಬಂದ್ರೆ ನೋಡ್ತಾಳಂತೆ" ಅಂತ ತಿದ್ದೋರು. ಅವರು ನಗೋರು, ನಾನು ಬಾಗಿಲು ದಢಾರ್ ಅಂತ ಹಾಕ್ಕೊಳ್ತಿದ್ದೆ.

ಈಗ ಯೋಚಿಸಿದ್ರೆ ಅಮ್ಮ ಹೇಳ್ತಿದ್ದದ್ದು ಅಷ್ಟೇನೂ ತಪ್ಪಲ್ಲ. ಲ್ಯಾಬುಗಳಲ್ಲಿ ವಸ್ತುಗಳನ್ನ ಭಯಂಕರವಾಗಿ ತಣ್ಣಗೆ ಮಾಡಿ ನೋಡೋ ಯಂತ್ರಗಳು ಇರ್ತವೆ. ಆ ತಂಪನ್ನ ಅಳೆಯೋದು ಕೆಲ್ವಿನ್‌ನಲ್ಲಿ. ಇದಕ್ಕಿಂತ ತಣ್ಣಗೆ ಲೋಕದಲ್ಲೇ ಆಗಕ್ಕಾಗಲ್ಲ ಅನ್ನೋ ಜಾಗಕ್ಕೆ ಸೊನ್ನೆ. ನೀರು ಮಂಜುಗಡ್ಡೆ ಆಗೋದು ಇನ್ನೂರ ಎಪ್ಪತ್ತಮೂರರಲ್ಲಿ, ನಾವು ಕೂತು ಕಾಫಿ ಕುಡಿಯೋದು ಮುನ್ನೂರರ ಹತ್ತಿರ. ನಾನು ನೋಡ್ತಿದ್ದ ಯಂತ್ರಗಳು ಹತ್ತರವರೆಗೂ ಇಳೀತಿದ್ವು. ಅಷ್ಟು ತಳದಲ್ಲಿ ಎಷ್ಟು ತಂಪಿದೆ ಅಂತ ಹೇಳೋದು ಅಕ್ಕಿಕಾಳಿನಷ್ಟು ಸಿಲಿಕಾನ್ ಚೂರು, ಅದೇ ಸೆನ್ಸರ್. ಅದರಿಂದ ಕೂದಲೆಳೆಯಂಥ ತಂತಿಗಳು ಹೊರಗೆ ಬಂದು ಕೆಂಪು ಅಂಕಿ ತೋರಿಸೋ ಒಂದು ಪೆಟ್ಟಿಗೆಗೆ ಸೇರ್ತವೆ, ಅದು ಟೆಂಪರೇಚರ್ ಕಂಟ್ರೋಲರ್. ಅಂಕಿ ಸುಳ್ಳು ಹೇಳೋಕೆ ಶುರು ಮಾಡಿದ್ರೆ ನನಗೆ ಫೋನು ಬರ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬಹುದು. ನಮ್ಮ ಆಫೀಸು ಇಂದಿರಾನಗರದಲ್ಲಿ ಒಂದು ಟೈಲರ್ ಅಂಗಡಿಯ ಮಹಡಿ ಮೇಲೆ. ಮನೆ ಅಲ್ಲೇ ಹತ್ತಿರ, ಅಪ್ಪನ ವಿಮಾ ಕಚೇರಿಯವರ ಕಾಲೊನಿಯಲ್ಲಿ. ಮಾಲೀಕರು ಬಾಳ ಒಳ್ಳೆಯವರು, ಆದ್ರೆ ಒಂದು ಮಾತನ್ನ ಸಂಧ್ಯಾವಂದನೆ ಥರ ದಿನಾ ಹೇಳೋರು: "ನಾವು ಮಿಷಿನ್ ನೋಡೋರಮ್ಮ, ಅವರ ಡೇಟಾ ನೋಡೋರಲ್ಲ. ಅದಕ್ಕೆ ಕೈ ಹಾಕ್ಬೇಡ." ನಾನು ಹೂಂ ಅಂತಿದ್ದೆ. ನನಗಿದ್ದ ಜಂಭ ಒಂದೇ. ಅಂಕಿಯ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡ್ತಿರಲಿಲ್ಲ.

ಆ ವರ್ಷ ಮಳೆಗಾಲ ಶುರುವಾದ ಮೇಲೆ ಬೆನ್ಸನ್ ಟೌನ್ ಕಡೆಯ ಒಂದು ಕಾಲೇಜಿನ ಸಂಶೋಧನಾ ಲ್ಯಾಬಿನಿಂದ ಫೋನ್ ಬಂತು. ಮಾತಾಡಿದವಳು ಅಲ್ಲಿ ಪಿಎಚ್.ಡಿ ಮಾಡ್ತಿದ್ದ ಹುಡುಗಿ. "ಮೇಡಂ, ಮಷೀನು ಹತ್ತಕ್ಕ ಇಳೀವಲ್ದು. ಹದಿಮೂರಕ್ಕ ನಿಂತ್ಬಿಡ್ತದ. ಲಗೂನ ಬರ್ರಿ" ಅಂದಳು. ಮಾತಲ್ಲೇ ರಾಯಚೂರು ಕಡೆಯವಳು ಅಂತ ಗೊತ್ತಾಯ್ತು. ಮೊಪೆಡ್ ಹತ್ತಿ ಹಲಸೂರು ಕೆರೆ ಬಳಸಿ, ಶಿವಾಜಿನಗರದ ಜನಜಾತ್ರೆಯಲ್ಲಿ ಎಲ್ಲರಿಗೂ ಬೈಕೊಂಡು, ಎಲ್ಲರ ಹತ್ರಾನೂ ಬೈಸ್ಕೊಂಡು ಹೋದೆ. ಒಬ್ಬ ಆಟೋದವನು ತಮಿಳಿನಲ್ಲೂ ಉರ್ದುವಿನಲ್ಲೂ ಬೈದು, ಸಮಾಧಾನ ಆಗದೆ ಕೊನೆಗೆ ಕನ್ನಡಕ್ಕೆ ಬಂದ.

ಹೋಗಿ ನೋಡಿದ್ರೆ ಯಂತ್ರ ಚುಕ್ ಚುಕ್ ಅಂತ ಸೊಗಸಾಗಿ ಓಡ್ತಾ ಇದೆ, ಕೆಂಪು ಅಂಕಿ ಹತ್ತು ತೋರಿಸ್ತಾ ಇದೆ. ನನಗೆ ಪಿತ್ತ ನೆತ್ತಿಗೇರಿತು.

"ಏನ್ರೀ ಇದು? ಚೆನ್ನಾಗೇ ಇದೆಯಲ್ರೀ!"

"ನಿನ್ನಿ ಹದಿಮೂರಿತ್ರಿ ಮೇಡಂ, ಆಣಿ ಮಾಡಿ ಹೇಳ್ತೀನಿ."

"ಸರಿ, ನಿನ್ನೆ ಕರೀಬೇಕಿತ್ತು" ಅಂತ ಮುಖ ಊದಿಸ್ಕೊಂಡು ವಾಪಸ್ ಬಂದೆ. ಅವತ್ತು ಸುಡುಸುಡು ಬಿಸಿಲು, ಅದೊಂದು ನೆನಪಿದೆ.

ಎರಡು ತಿಂಗಳ ಮೇಲೆ ಎರಡನೇ ಸಲ ಹೋದಾಗ ಹದಿಮೂರು ನನ್ನ ಕಣ್ಣಾರೆ ಕಂಡೆ. ಹೊರಗೆ ಜಿಟಿಜಿಟಿ ಮಳೆ. ಇಡೀ ದಿನ ಕೂತು ಒಂದೊಂದಾಗಿ ನೋಡಿದೆ. ಗಾಳಿ ಹೀರೋ ಪಂಪು ಸರಿ, ಹೀಲಿಯಂ ಒತ್ತಡ ಸರಿ, ತಂಪು ನೀರು ಸರಿ. ಕಂಟ್ರೋಲರ್‌ನಿಂದ ಸೆನ್ಸರಿನ ಪ್ಲಗ್ ಕಿತ್ತು, ಅದೇ ಜಾಗಕ್ಕೆ ನನ್ನ ಹತ್ರ ಇದ್ದ ಪರೀಕ್ಷೆಯ ರೆಸಿಸ್ಟರ್ ಸಿಕ್ಕಿಸಿದ್ರೆ ಅಂಕಿ ಕರಾರುವಾಕ್ಕು. ಹಾಗಾದ್ರೆ ಪೆಟ್ಟಿಗೆ ಸರಿ. ಯಂತ್ರ ಬೆಚ್ಚಗಿದ್ದಾಗ ಸೆನ್ಸರೂ ಸರಿಯಾಗೇ ಹೇಳ್ತಿತ್ತು. ತಳಕ್ಕೆ ಇಳಿದಾಗ ಮಾತ್ರ ಮೂರು ಹೆಚ್ಚು. ಇನ್ನು ಉಳಿದದ್ದು ಕೋಲ್ಡ್ ಹೆಡ್, ಅಂದ್ರೆ ತಂಪು ಹುಟ್ಟಿಸೋ ಯಂತ್ರದ ತಲೆಯೇ. ಅದು ಸವೆದಿದ್ರೆ ಇಲ್ಲಿ ಯಾರ ಕೈಲೂ ಆಗಲ್ಲ, ವಿದೇಶಕ್ಕೆ ಕಳಿಸ್ಬೇಕು.

ಅವಳ ಗೈಡು ಪ್ರೊಫೆಸರು ಕನ್ನಡಕ ತೆಗೆದು ಒರೆಸ್ತಾ, "ಕಳಿಸಿದ್ರೆ ಬರೋದು ಯಾವಾಗ?" ಅಂದ್ರು.

"ಆರು ತಿಂಗಳಿಗೆ ಮೋಸ ಇಲ್ಲ ಸರ್."

ಹುಡುಗಿ ಮುಖ ಕಪ್ಪಿಟ್ಟೋಯ್ತು. ಗೈಡು ಹೋದ ಮೇಲೆ ನನ್ನ ಹತ್ರ ಹೇಳಿದಳು. ಡಿಸೆಂಬರಿಗೆ ಅವಳ ಫೆಲೋಶಿಪ್ ಮುಗೀತದೆ. ಆಮೇಲೆ ಓದು ಇಲ್ಲ, ಅಷ್ಟೇ. ಅಪ್ಪ ಗಾರೆ ಕೆಲಸ, ಅವ್ವ ಮೊದಲು ಅದೇ ಕಟ್ಟಡಗಳಲ್ಲಿ ಇಟ್ಟಿಗೆ ಹೊರ್ತಿದ್ದೋಳು, ಈಗ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸೋಳು. ಕೆ.ಆರ್. ಪುರಂನಲ್ಲಿ ಶೀಟಿನ ಸೂರಿನ ಒಂದು ಬಾಡಿಗೆ ರೂಮು. ಇವಳ ಫೆಲೋಶಿಪ್ಪೇ ಆ ಮನೆಗೆ ಆಧಾರ. ಡಿಸೆಂಬರೊಳಗೆ ಇನ್ನು ಎರಡೇ ಎರಡು ಅಳತೆ ಮುಗಿಸಿ ಥೀಸಿಸ್ ಕೊಟ್ಟುಬಿಟ್ರೆ ಡಾಕ್ಟರ್ ಆಗ್ತಾಳೆ.

"ಏನಾರ ಮಾಡ್ರಿ ಮೇಡಂ. ತಲಿ ಕೆಟ್ಟದ ಅಂತ ಮಾತ್ರ ಬರದು ಕೊಡಬ್ಯಾಡ್ರಿ" ಅಂದಳು.

ಮೊದಲ ದಿನ ಅವಳ ಮೇಲೆ ರೇಗಿದ್ದು ನೆನಪಾಯ್ತು. "ಒಂದೆರಡು ದಿನ ಟೈಮ್ ಕೊಡಿ, ಯೋಚಿಸ್ತೀನಿ" ಅಂದೆ. ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡೀತೇ ಹೊರತು ಏನೂ ಹೊಳೀಲಿಲ್ಲ.

ಹೊಳೆದದ್ದು ತಂಗಿಯ ಕಾಲುಚೀಲದಿಂದ. ಆ ವಾರ ಮಳೆ ಬಿಟ್ಟೇ ಇರಲಿಲ್ಲ, ಮನೆ ತುಂಬಾ ಒದ್ದೆ ಬಟ್ಟೆ ವಾಸನೆ. ಬೆಳಿಗ್ಗೆ ಅಮ್ಮ ಹೇರ್ ಡ್ರೈಯರ್ ಹಿಡ್ಕೊಂಡು ತಂಗಿಯ ಕಾಲುಚೀಲ ಒಣಗಿಸ್ತಾ, "ಬಿಸಿಲು ಬಂದ ದಿನ ಇವಳು ಒಗೆಯೋಕೆ ಹಾಕಲ್ಲ, ಮಳೆ ಬಂದ ದಿನಾನೇ ಹಾಕ್ತಾಳೆ, ಹಾಳಾದೋಳು" ಅಂತ ಗೊಣಗ್ತಿದ್ರು. ನಾನು ದೋಸೆ ಬಾಯಿಗಿಡೋಳು ಹಾಗೇ ನಿಂತೆ. ಬಿಸಿಲಿನ ದಿನ ಹತ್ತು. ಮಳೆ ದಿನ ಹದಿಮೂರು. ಕೋಲ್ಡ್ ಹೆಡ್ ಇರೋದು ಗಾಳಿಯೇ ಇಲ್ಲದ ಉಕ್ಕಿನ ಕೊಳವೆಯೊಳಗೆ, ಅದಕ್ಕೆ ಮಳೆ ಬಂದದ್ದು ಹೇಗೆ ಗೊತ್ತಾಗ್ಬೇಕು? ಮಳೆ ಗೊತ್ತಾಗೋದು ಹೊರಗಿರೋದಕ್ಕೆ ಮಾತ್ರ.

"ಅಮ್ಮ, ಡ್ರೈಯರ್ ಕೊಡಿ ಇಲ್ಲಿ."

"ಕಾಲುಚೀಲ ಒಂದು ಆಗಿದೆ, ಇನ್ನೊಂದು—"

"ಒಂದೇ ಹಾಕ್ಕೊಂಡು ಹೋಗ್ಲಿ!" ಅಂತ ಕಿತ್ಕೊಂಡು ಓಡಿದೆ.

ಲ್ಯಾಬಿನಲ್ಲಿ ಹುಡುಗಿ ಒಬ್ಬಳೇ ಇದ್ದಳು. ಅಂಕಿ ಹದಿಮೂರು. ಯಂತ್ರದಿಂದ ಬಂದ ಕೂದಲೆಳೆ ತಂತಿಗಳು ಸ್ಟ್ಯಾಂಡಿನ ಹಿಂದೆ ಒಂದು ಬೇಕಲೈಟ್ ಪಟ್ಟಿಯಲ್ಲಿ ಸಣ್ಣ ಸಣ್ಣ ಸ್ಕ್ರೂಗಳಿಗೆ ಸೇರಿ, ಅಲ್ಲಿಂದ ದಪ್ಪ ಕೇಬಲ್ಲಾಗಿ ಕಂಟ್ರೋಲರ್‌ಗೆ ಹೋಗ್ತಿದ್ವು. ಆ ಮೂಲೆ ಕತ್ತಲು, ಗೋಡೆಗೆ ಅಂಟಿದಂಗೆ ಇತ್ತು. ನಾನು ಕೈ ತೂರಿಸಿ ಡ್ರೈಯರ್ ಬಿಸಿಗಾಳಿ ಬಿಟ್ಟೆ. "ಅಂಕಿ ಓದಿ ಹೇಳ್ರೀ" ಅಂದೆ.

"ಹದಿಮೂರು... ಹದಿಮೂರು... ಮೇಡಂ, ಹನ್ನೆರಡೂವರಿ! ಹನ್ನೊಂದು! ಯಪ್ಪಾ, ಇಳೀಲಿಕ್ಹತ್ತದ!"

ಹತ್ತಕ್ಕೆ ಬಂದು ನಿಂತಿತು. ನಾನು "ಸಿಕ್ಬಿದ್ದ ಕಳ್ಳ!" ಅಂತ ಕಿರುಚಿದೆ. ಸ್ಟ್ಯಾಂಡನ್ನ ಇಬ್ರೂ ಸೇರಿ ಎಳೆದು ಟಾರ್ಚ್ ಬಿಟ್ಟು ನೋಡಿದ್ರೆ, ಪಟ್ಟಿ ಮೇಲೆ, ಸರಿಯಾಗಿ ಸೆನ್ಸರಿನ ಎರಡು ಸ್ಕ್ರೂಗಳ ಮಧ್ಯೆ, ದಪ್ಪಗೆ ಗಂಧ. ಗಂಧದ ಮೇಲೆ ಕಾಸಗಲ ಕುಂಕುಮ.

ಒಂದು ಕ್ಷಣ ನಂಬೋಕಾಗ್ಲಿಲ್ಲ. ಆಮೇಲೆ ನಗು ಬಂತು ನೋಡಿ, ತಡೆಯೋಕಾಗದ ನಗು. ಸೆನ್ಸರಿನಲ್ಲಿ ಹರಿಯೋ ಕರೆಂಟು ಇರುವೆ ಉಗುಳಿನಷ್ಟು. ಗಂಧ ಕುಂಕುಮ ಒಣಗಿದ್ದಾಗ ಸುಮ್ನೆ ಕೂತಿರ್ತವೆ. ಮಳೆಗೆ ತೇವ ಹೀರಿಕೊಂಡ್ರೆ ಆ ಚೂರು ಕರೆಂಟಿನಲ್ಲೂ ಒಂದು ಪಾಲು ಅಡ್ಡದಾರೀಲಿ ಸೋರಿಹೋಗ್ತದೆ. ಪೆಟ್ಟಿಗೆ ಅದನ್ನ ನೋಡಿ, ಓಹೋ ಒಳಗೆ ಬೆಚ್ಚಗಿದೆ ಅಂದ್ಕೊಳ್ತದೆ. ಒಳಗೆ ಎಲ್ಲಾ ಹತ್ತೇ, ಅಂಕಿ ಮಾತ್ರ ಹದಿಮೂರು. ನಾನು ಪರೀಕ್ಷೆ ಮಾಡಿದಾಗ ಪ್ಲಗ್ಗಿನ ಈಚೆಗೆ ಮಾಡಿದ್ದೆ, ಪಟ್ಟಿ ಆಚೆಗಿತ್ತು. ಅದಕ್ಕೇ ಸಿಕ್ಕಿರಲಿಲ್ಲ.

"ಯಾವ ಮಹಾತಾಯಿ ರೀ ಇದನ್ನ ಇಲ್ಲಿಟ್ಟಿದ್ದು?" ಅಂತ ಹೊಟ್ಟೆ ಹಿಡ್ಕೊಂಡು ಕೇಳಿದೆ.

"ನಮ್ಮವ್ವ ರೀ" ಅಂದಳು.

ನನ್ನ ನಗು ಅರ್ಧಕ್ಕೇ ನಿಂತಿತು. ಆದ್ರೆ ಅವಳಿಗೇ ನಗು ಉಕ್ಕಿ ಬಂತು. ಹೋದ ವರ್ಷದ ಆಯುಧಪೂಜೆಗೆ, ಯಂತ್ರ ಹೊಸದಾಗಿ ಬಂದಾಗ, ಮಗಳು ಕೆಲಸ ಮಾಡೋ ಮಷೀನು ನೋಡಬೇಕು ಅಂತ ಅವ್ವ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳಂತೆ. ಗೈಡಿಗೆ ಯಂತ್ರದ ಮುಖಕ್ಕೆ ಬೊಟ್ಟು ಗಿಟ್ಟು ಇಟ್ರೆ ಆಗ್ತಿರಲಿಲ್ಲ. ಅವ್ವ ಕೇಳಿದಳಂತೆ, "ಇದಕ್ಕ ಜೀವ ಎಲ್ಲಿಂದ ಹೋಗತದ?" ಇವಳು ಹಿಂದೆ ತಂತಿಗಳೆಲ್ಲ ಸೇರೋ ಜಾಗ ತೋರಿಸಿದಳಂತೆ. ಅಲ್ಲಾದ್ರೆ ಸರ್‌ಗೂ ಕಾಣಲ್ಲ, ಯಾರೂ ಒರೆಸಲ್ಲ. ಅವ್ವ ಗಂಧ ಹಚ್ಚಿ, ಕುಂಕುಮ ಇಟ್ಟು, ಕಣ್ಣಿಗೊತ್ತಿಕೊಂಡು ಹೋಗಿದ್ದಳು.

"ಜೀವ ಹೋಗೋ ಜಾಗಕ್ಕೇ ಇಟ್ಟಿದ್ದಾರೆ ಬಿಡಿ, ಅದರಲ್ಲಿ ತಪ್ಪಿಲ್ಲ" ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಾನು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಪಟ್ಟಿ ಒರೆಸಿದೆ. ಹತ್ತಿ ಕೆಂಪಾಯ್ತು. ಕೋಲ್ಡ್ ಹೆಡ್ ಸರಿ ಇದೆ, ವಿದೇಶ ಇಲ್ಲ, ಆರು ತಿಂಗಳು ಇಲ್ಲ. ಅವಳು ನನ್ನ ಕೈ ಹಿಡ್ಕೊಂಡು ಕುಣಿದಾಡಿದಳು, ಕ್ಯಾಂಟೀನಿಗೆ ಓಡಿ ಹೋಗಿ ಟೀ ಬನ್ನು ತಂದಳು. ಅಷ್ಟು ಸಂತೋಷ ನನಗೆ ಆ ಕೆಲಸದಲ್ಲಿ ಮತ್ತೆ ಯಾವತ್ತೂ ಆಗಿಲ್ಲ.

ಅಲ್ಲಿಗೇ ಎದ್ದು ಬರಬೇಕಿತ್ತು. ಟೀ ಕುಡಿಯೋಕೆ ಕೂತೆ.

ಅವಳು ಖುಷಿಗೆ ತನ್ನ ಗ್ರಾಫು ತಂದು ತೋರಿಸಿದಳು. ಅವಳ ಕೆಲಸ ಒಂದು ಕರೀ ಬಿಲ್ಲೆಯ ಮೇಲೆ, ಅವಳೇ ಕುಲುಮೆಯಲ್ಲಿ ಸುಟ್ಟು ಮಾಡಿದ್ದು, ಕಡಲೆಬೇಳೆಗಿಂತ ಒಂದು ಚೂರು ದೊಡ್ಡದು. ತಣ್ಣಗಾಗ್ತಾ ಆಗ್ತಾ ಒಂದು ಹಂತದಲ್ಲಿ ಅದರ ಗುಣವೇ ಬದಲಾಗ್ತದೆ. ಯಾವ ಅಂಕಿಯಲ್ಲಿ ಬದಲಾಗ್ತದೆ ಅಂತ ಹಿಡಿಯೋದು ಇವಳ ಕೆಲಸ. ಅದೇ ಬಿಲ್ಲೆಯನ್ನ ಚಳಿಗಾಲದಿಂದ ಮತ್ತೆ ಮತ್ತೆ ಅಳೆದು ಇವಳು ಒಂದು ಹೊಸ ವಿಷಯ ಕಂಡುಹಿಡಿದಿದ್ದಳು. ಬಿಲ್ಲೆಗೆ ವಯಸ್ಸಾದಂಗೆಲ್ಲ ಆ ಅಂಕಿ ಮೇಲಕ್ಕೆ ಏರ್ತದೆ. ಇದನ್ನ ಯಾರೂ ಹೇಳಿರಲಿಲ್ಲ. ಗೈಡು ಕುರ್ಚಿಯಿಂದ ಎದ್ದು ನಿಂತು ಕೈ ಕುಲುಕಿದ್ದರಂತೆ. ಪತ್ರಿಕೆಗೆ ಕಳಿಸೋಕೆ ಲೇಖನ ತಯಾರಾಗಿತ್ತು. ಥೀಸಿಸ್ಸಿನ ಬೆನ್ನೆಲುಬೇ ಅದು.

"ನೋಡ್ರಿ, ಮೇ ತನಕಾ ಒಂದೇ ಸಮ ಅದ. ಜೂನ್‌ನಿಂದ ಏರ್ಯದ. ಇನ್ನ ಎರಡು ಅಳತಿ ಹಾಕಿದ್ರ ಗೆರಿ ಪೂರ್ತಿ" ಅಂದಳು.

ಜೂನ್‌ನಿಂದ. ಮಳೆ ಶುರುವಾದ ತಿಂಗಳು.

"ಇದೊಂದು ಚುಕ್ಕಿ ಯಾಕೆ ಕೆಳಗಿದೆ?" ಅಂತ ಕೇಳಿದೆ. ಕೇಳೋಕೆ ಮುಂಚೆನೇ ನನಗೆ ಉತ್ತರ ಗೊತ್ತಿತ್ತು.

"ಅದು ಬಿಡ್ರಿ, ಅವತ್ತೇನೋ ತಪ್ಪಾಗ್ಯದ. ನೀವು ಮೊದಲ್ನೇ ಸಲ ಬಂದು ಹೋದ ದಿನ ಅಳದಿದ್ದು."

ಸುಡುಸುಡು ಬಿಸಿಲಿದ್ದ ದಿನ. ನಾನು ಕಚ್ಚಿದ್ದ ಬನ್ನು ತಟ್ಟೆಗೆ ವಾಪಸ್ ಇಟ್ಟೆ. ಅವಳಿಗೆ ಇನ್ನೂ ಹೊಳೆದಿರಲಿಲ್ಲ. ಅವಳ ಮಟ್ಟಿಗೆ ಯಂತ್ರ ತಳಕ್ಕೆ ಇಳೀತಿರಲಿಲ್ಲ, ಈಗ ಇಳೀತದೆ, ಅಷ್ಟೇ. ಇಳೀತಾನೇ ಇತ್ತು, ಅಂಕಿ ಸುಳ್ಳು ಹೇಳ್ತಿತ್ತು, ಹಾಗಾದ್ರೆ ಆ ಅಂಕಿ ನಂಬಿ ಬರೆದ ಎಲ್ಲಾ ಚುಕ್ಕಿಗಳೂ ಸುಳ್ಳು ಅನ್ನೋ ಕಡೆಗೆ ಅವಳ ತಲೆ ಹೋಗಿರಲಿಲ್ಲ. ಯಾಕಂದ್ರೆ ಅವಳು ಸಂತೋಷದಲ್ಲಿದ್ದಳು.

ಮಾಲೀಕರ ಮಾತು ಕಿವಿಯಲ್ಲಿ ಗುಂಯ್ ಅಂತಿತ್ತು. ಮಿಷಿನ್ ನೋಡೋರು, ಡೇಟಾ ನೋಡೋರಲ್ಲ. ಎದ್ದು, ಬ್ಯಾಗ್ ಹೆಗಲಿಗೆ ಹಾಕ್ಕೊಂಡು, ಬರ್ತೀನ್ರೀ ಅಂದಿದ್ರೆ ಯಾರೂ ನನ್ನನ್ನ ಏನೂ ಕೇಳ್ತಿರಲಿಲ್ಲ. ಅವಳು ಇನ್ನೆರಡು ದಿನದಲ್ಲಿ ಅಳೆದಾಗ ತಾನೇ ಕಂಡ್ಕೊಳ್ತಿದ್ದಳು. ಇಲ್ಲಾ ಆ ಎರಡು ಚುಕ್ಕಿಯನ್ನೂ "ಏನೋ ತಪ್ಪಾಗ್ಯದ" ಅಂತ ಬಿಟ್ಟು ಥೀಸಿಸ್ ಕೊಟ್ಟುಬಿಡ್ತಿದ್ದಳು. ಪಾಪ, ಕೊಟ್ಕೊಳ್ಲಿ ಬಿಡು ಅಂತ ಒಂದು ಮನಸ್ಸು. ನಾಳೆ ಇನ್ಯಾವನೋ ಬೇರೆ ದೇಶದಲ್ಲಿ ಅಳೆದು ಇದೆಲ್ಲ ಸುಳ್ಳು ಅಂದ್ರೆ ಇವಳ ಗತಿಯೇನು ಅಂತ ಇನ್ನೊಂದು ಮನಸ್ಸು. ಟೀ ಆರಿ ಕೆನೆ ಕಟ್ಟಿತು.

"ನಿಮ್ಮ ಬಿಲ್ಲೆಗೆ ವಯಸ್ಸಾಗಿಲ್ಲ ಅನ್ಸತ್ತೆ ರೀ" ಅಂದೆ ಕೊನೆಗೆ.

ಅವಳು ನಗುನಗ್ತಾನೇ ನನ್ನ ಕಡೆ ನೋಡಿದಳು. ಆಮೇಲೆ ಗ್ರಾಫ್ ನೋಡಿದಳು. ಆಮೇಲೆ ಕಸದ ಬುಟ್ಟಿಯಲ್ಲಿದ್ದ ಕೆಂಪು ಹತ್ತಿ ನೋಡಿದಳು. ಬುದ್ಧಿವಂತೆ ಅವಳು, ಇನ್ನೊಂದು ಮಾತು ಹೇಳೋ ಅಗತ್ಯ ಬೀಳ್ಲಿಲ್ಲ.

"ಅಂದ್ರ... ನಾ ಇಷ್ಟು ದಿನ ಮಳಿ ಅಳದೀನಿ ಏನ್ರಿ?"

ನಾನು ಟೀ ಲೋಟ ಕೆಳಗಿಟ್ಟೆ.

"ಮಳಿ ಅಳದೀನಿ" ಅಂತ ತನಗೆ ತಾನೇ ಇನ್ನೊಂದು ಸಲ ಹೇಳ್ಕೊಂಡಳು. ಅಳ್ಲಿಲ್ಲ. ಅತ್ತಿದ್ರೆ ನನಗೆ ಚೂರು ಹಗುರ ಆಗ್ತಿತ್ತೇನೋ. ಗ್ರಾಫನ್ನ ನೀಟಾಗಿ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಆಮೇಲೆ ಒಂದೇ ಒಂದು ಕೇಳಿದಳು. "ರಿಪೋರ್ಟಿನ್ಯಾಗ ಕುಂಕುಮ ಅಂತ ಬರೀಬ್ಯಾಡ್ರಿ ಮೇಡಂ. ಸರ್ ನಗ್ತಾರ. ನಕ್ರ ನಗ್ಲಿ, ಆದ್ರ ಮಾತು ಹಂಗಾ ಹಿಂಗಾ ಹೋಗಿ ಅವ್ವನ ಕಿವಿಗೆ ಬಿದ್ರ, ಆಕಿ ಜೀವ ಇಟ್ಕೊಳ್ಳಂಗಿಲ್ಲ."

"ತೇವದಿಂದ ಸೋರಿಕೆ" ಅಂತ ಬರೆದೆ. ಅದು ಸುಳ್ಳಲ್ಲ.

ಮರುದಿನ ಅದೇ ಬಿಲ್ಲೆ ಮತ್ತೆ ಅಳೆದಳು. ಚಳಿಗಾಲದಲ್ಲಿ ಎಲ್ಲಿತ್ತೋ ಅಲ್ಲೇ ಬಂತು ಅಂತ ಫೋನ್ ಮಾಡಿ ಹೇಳಿದಳು. ಗೈಡು ದೊಡ್ಡ ಮನುಷ್ಯರು, ಕೂಗಾಡ್ಲಿಲ್ಲ. ಲೇಖನ ಕಳಿಸ್ಲಿಲ್ಲ, ಆ ಅಧ್ಯಾಯ ಕೈಬಿಟ್ಟರು. ನನಗೆ ಫೋನ್ ಮಾಡಿ, "ಅಚ್ಚಾಗೋ ಮುಂಚೆ ಹಿಡಿದ್ರಿ, ನಮ್ಮ ಮಾನ ಉಳಿಸಿದ್ರಿ" ಅಂತ ಧನ್ಯವಾದ ಬೇರೆ ಹೇಳಿದ್ರು. ಮಾಲೀಕರು ಆಫೀಸಿನಲ್ಲಿ ಎಲ್ಲರ ಮುಂದೆ ಬೆನ್ನು ತಟ್ಟಿದ್ರು. ಹೇರ್ ಡ್ರೈಯರ್ ಕಥೆ ಕೇಳಿ ಅಪ್ಪ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳ್ಕೊಂಡು ಬಂದ್ರು. ಎಲ್ಲರೂ ಹೊಗಳೋರೇ. ಹೊಗಳಿದಷ್ಟೂ ಮೈ ಮೇಲೆ ಹುಳ ಹರಿದಂಗೆ ಆಗ್ತಿತ್ತು.

ಹೊಸ ವಿಷಯ ಹಿಡಿದು ಮತ್ತೆ ಶುರು ಮಾಡೋಕೆ ಇನ್ನೆರಡು ವರ್ಷ ಬೇಕು. ಅಲ್ಲೀವರೆಗೆ ಅವಳ ಮನೆ ನಡೆಯೋದು ಹೇಗೆ? ಡಿಸೆಂಬರಿಗೆ ಫೆಲೋಶಿಪ್ ಮುಗೀತು. ಅವಳು ಲ್ಯಾಬ್ ಬಿಟ್ಟು ಕೆ.ಆರ್. ಪುರಂ ಕಡೆ ಒಂದು ಪಿ.ಯು. ಕಾಲೇಜಿನಲ್ಲಿ ಪಾಠ ಮಾಡೋಕೆ ಸೇರ್ಕೊಂಡಳು.

ನಾನು ತಪ್ಪು ಮಾಡಿದೆ ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ. ಇವತ್ತು ಅದೇ ಗ್ರಾಫು ಮುಂದಿಟ್ಟರೂ ಅದನ್ನೇ ಹೇಳ್ತೀನಿ. ಆದ್ರೂ ಅವಳ ಹೆಸರು ನೆನಪಾದಾಗೆಲ್ಲ ಕಳ್ಳತನ ಮಾಡಿದವಳ ಥರ ಮುಖ ಸಪ್ಪೆ ಆಗ್ತದೆ. ಮೊದಲ ದಿನ ಸಿಡುಕದೆ ಒಂದು ಗಳಿಗೆ ಕೂತು ಅವಳ ಮಾತು ಕೇಳಿದ್ದಿದ್ರೆ ಜೂನ್‌ನಲ್ಲೇ ಸಿಕ್ತಿತ್ತೇನೋ, ಒಂದೋ ಎರಡೋ ಚುಕ್ಕಿ ಹಾಳಾಗ್ತಿತ್ತು, ಇಡೀ ಥೀಸಿಸ್ ಅದರ ಮೇಲೆ ನಿಲ್ತಿರಲಿಲ್ಲವೇನೋ. ಅವಳವ್ವನ ಬೊಟ್ಟು ನೋಡಿ ಹಾಗೆ ಹೊಟ್ಟೆ ಹಿಡ್ಕೊಂಡು ನಗದೇ ಇದ್ದಿದ್ರೆ? ಅದರಿಂದೇನೂ ಬದಲಾಗ್ತಿರಲಿಲ್ಲ, ಗೊತ್ತು. ಗೊತ್ತಿದ್ರೂ ಕಾಡ್ತದೆ, ಏನ್ಮಾಡ್ಲಿ.

ಮುಂದಿನ ವರ್ಷ ನವರಾತ್ರಿ ಹೊತ್ತಿಗೆ ಅವಳಿಂದಲೇ ಫೋನ್ ಬಂತು. ಕಾಲೇಜಿನ ಲ್ಯಾಬಿನಲ್ಲಿ ಓವನ್ನಿನ ಕಂಟ್ರೋಲರ್ ಕೆಟ್ಟಿದೆ, ನೋಡ್ತೀರಾ ಅಂತ. ಮಾಲೀಕರಿಗೂ ಹೇಳದೆ ರಜಾ ಹಾಕಿ ಹೋದೆ. ಚಿಲ್ಲರೆ ತೊಂದರೆ, ಒಂದು ತಂತಿ ಬಿಟ್ಟಿತ್ತು, ಬೆಸುಗೆ ಹಾಕಿದೆ. ಹುಡುಗಿ ಸ್ವಲ್ಪ ದಪ್ಪ ಆಗಿದ್ದಳು, ಧ್ವನಿ ಮೇಷ್ಟ್ರ ಧ್ವನಿ ಆಗಿತ್ತು. ಮಕ್ಕಳು ಅವಳನ್ನ ಕಂಡ್ರೆ ಹೆದರ್ತಿದ್ವು. ನನಗೆ ಅದೂ ಒಂದು ಥರ ಸಮಾಧಾನ. "ಮನಿ ಇಲ್ಲೇ ಹಿಂದ ಅದ, ಅವ್ವ ಕರಕೊಂಡು ಬಾ ಅಂದಾಳ, ಇಲ್ಲ ಅನಬ್ಯಾಡ್ರಿ" ಅಂದಳು. ನನ್ನ ಕಾಲು ಮುಂದಕ್ಕೆ ಬರ್ಲಿಲ್ಲ. ಆದ್ರೂ ಹೋದೆ.

ಅವತ್ತು ಆಯುಧಪೂಜೆ ಹಿಂದಿನ ದಿನ. ಬಾಗಿಲಲ್ಲಿ ಬೂದುಗುಂಬಳಕಾಯಿ, ಪಕ್ಕದಲ್ಲಿ ತೊಳೆದು ಒಣಗಿಸಿದ ಅವಳಪ್ಪನ ಕರಣೆ, ಮಟ್ಟಗೋಲು. ಅವ್ವ ಸಣ್ಣ ಆಳು, ಹಣೆ ತುಂಬ ಕುಂಕುಮ. ಚಾಪೆ ಹಾಸಿ "ಕುಂದರ್ರಿ ಅಕ್ಕಾರ" ಅಂದಳು. ನನಗಿಂತ ಎಷ್ಟು ದೊಡ್ಡೋಳು, ನನಗೆ ಅಕ್ಕಾರ! ಮಂಡಕ್ಕಿ ಕೊಟ್ಟಳು, ಚಹಾ ಕೊಟ್ಟಳು. ಮಗಳು ಲೋಟ ತೊಳೆಯೋಕೆ ನಲ್ಲಿ ಹತ್ರ ಹೋದದ್ದೇ ತಡ, ನನ್ನ ಹತ್ತಿರಕ್ಕೆ ಸರಿದು ಕೂತಳು.

"ಅಕ್ಕಾರ, ನಿಮಗ ಖರೇ ಗೊತ್ತಿರತದ. ನಮ್ಮ ಹುಡುಗಿ ಬಾಯಿ ಬಿಡಂಗಿಲ್ಲ. ಆ ಮಷೀನು ಕೆಟ್ಟಿದ್ದಕ್ಕ ಆಕಿ ಓದು ನಿಂತೋತಂತ. ಹೌದೇನ್ರಿ?"

"ಹೂಂ ಅಮ್ಮ" ಅಂದೆ.

"ನಂದೇ ತಪ್ಪ್ರಿ ಅದು."

ಗೊತ್ತಾಗಿಬಿಟ್ಟಿದೆ, ಯಾರೋ ಹೇಳಿಬಿಟ್ಟಿದ್ದಾರೆ ಅಂದ್ಕೊಂಡೆ. ಅವ್ವ ಸೆರಗಿನಿಂದ ಮೂಗು ಒರೆಸ್ಕೊಂಡಳು.

"ಹೊಸಾ ಮಷೀನಿಗೆ ಪೂಜಿ ಮಾಡ್ಲಿಕ್ಕ ಹೋಗಿದ್ದೆ. ಅವರ ಸರ್ ಬರ್ತಾರಂತ ಹುಡುಗಿ ಅವಸರ ಮಾಡಿದ್ಲು. ಕತ್ಲಾಗ ಕೈ ಹಾಕಿ ಒಂದೇ ಒಂದು ಬೊಟ್ಟು ಇಟ್ಟು ಓಡಿಬಂದೆ. ಕಾಯಿ ಒಡೀಲಿಲ್ಲ, ಹೂವ ಏರಿಸಲಿಲ್ಲ. ಅಷ್ಟು ದೊಡ್ಡ ಮಷೀನಿಗೆ ಒಂದು ಬೊಟ್ಟು ಸಾಲ್ತದೇನ್ರಿ? ನಾ ಸರಿಯಾಗಿ ಮಾಡಿದ್ರ ಅದು ಕೆಡ್ತಿದ್ದಿಲ್ಲ. ನನ್ನ ಮಗಳು ಡಾಕ್ಟರ್ ಆಗ್ತಿದ್ಲು."

ಅಂಕಿಯ ವಿಷಯದಲ್ಲಿ ಯಾರ ಮುಲಾಜೂ ನೋಡದ ನಾನು ಚಾಪೆಯ ದಾರ ಕೀಳ್ತಾ ಕೂತೆ. ಸಾಲಲಿಲ್ಲ ಅಂತ ಈ ತಾಯಿ ವರ್ಷವಿಡೀ ಕೊರಗ್ತಿದ್ದಾಳೆ. ಅಲ್ಲಮ್ಮ, ಸಾಲದೇ ಇದ್ದದ್ದಲ್ಲ, ಇಟ್ಟದ್ದೇ ಹೆಚ್ಚಾಯ್ತು ಅಂತ ಹೇಳಿದ್ರೆ ಅದಕ್ಕಿಂತ ದೊಡ್ಡ ಕೊರಗು ಕೊಟ್ಟ ಹಾಗಾಗ್ತದೆ. ನಿಮ್ಮ ತಪ್ಪಿಲ್ಲ ಅಂತ ಬಾಯಲ್ಲಿ ಹೇಳಿದೆ. ಅವಳು ನಂಬಲಿಲ್ಲ. ಓದಿದೋರು ಸಮಾಧಾನಕ್ಕೆ ಹೇಳೋ ಮಾತು ಅಂತ ತಲೆ ಅಲ್ಲಾಡಿಸಿದಳು.

ಹೊರಡುವಾಗ ಕುಂಕುಮದ ಭರಣಿ ತಂದಳು. ನನ್ನ ಹಣೆಗೆ ಇಟ್ಟಳು. ಆಮೇಲೆ ನನ್ನ ಹೆಗಲಲ್ಲಿದ್ದ ಬ್ಯಾಗ್ ಮುಟ್ಟಿ, "ನಿಮ್ಮ ಸಾಮಾನ ಇದರಾಗ ಅವ ಏನ್ರಿ? ತೆಗೀರಿ. ನಾಳಿ ಹಬ್ಬ, ನಾ ಇವತ್ತೇ ಮಾಡಿ ಕೊಡ್ತೀನಿ" ಅಂದಳು. ಮಗಳು ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. "ಅವ್ವಾ, ಬ್ಯಾಡ, ಅವರ ಮೀಟರು—" ಅಂತ ಶುರು ಮಾಡಿದಳು. ನಾನು ಅವಳ ಮುಖ ನೋಡದೆ ಕರೆಂಟು ಅಳೆಯೋ ಮೀಟರ್ ತೆಗೆದು ಚಾಪೆ ಮೇಲಿಟ್ಟೆ.

ಅವ್ವ ಈ ಸಲ ಅವಸರ ಮಾಡ್ಲಿಲ್ಲ. ನೀರು ಚಿಮುಕಿಸಿ ಗಂಧ ಕಲಸಿದಳು. ಮೂರು ಬೆರಳಲ್ಲಿ ಮೀಟರಿನ ಮುಖಕ್ಕೆ ಎಳೆದಳು, ತಂತಿ ಸಿಕ್ಕಿಸೋ ತೂತುಗಳ ಸುತ್ತ ಹಚ್ಚಿದಳು, ಒಂದೊಂದರ ಮೇಲೂ ದಪ್ಪಗೆ ಕುಂಕುಮ ಇಟ್ಟಳು. ಒಂದು ಚೆಂಡುಹೂವು ಇಟ್ಟು ಕಣ್ಣಿಗೊತ್ತಿಕೊಂಡಳು. ಆಮೇಲೆ ತಲೆ ಎತ್ತಿ ನನ್ನ ನೋಡಿದಳು.

"ಇಷ್ಟು ಸಾಕೇನ್ರಿ?"

"ಇನ್ನೊಂಚೂರು ಹಚ್ಚಿ ಅಮ್ಮ" ಅಂದೆ.